ಬೆಟ್ಟದ ಮೇಲಿನ ಸವತಿ

"ಬಿಡಿ ಡಾಕ್ಟ್ರೇ... ನಂಗೇನೂ ಆಗಿಲ್ಲ!"

"ಏನೂ ಆಗದವರು ನನ್ನ ಬಾಗಿಲಿಗೆ ಬಂದು ಬೋರಲು ಬೀಳಲ್ಲ. ಕೂತ್ಕೊಳ್ಳಿ ಸುಮ್ನೆ!"

ಅವರಿಬ್ಬರ ಪರಿಚಯ ಶುರುವಾದದ್ದೇ ಹೀಗೆ, ಜಗಳದಿಂದ.

ಹಗ್ಗ, ಬೂಟು, ಮಂಜುಗೊಡಲಿ ಮಾರುವ ಅಂಗಡಿಗಳ ಬೀದಿಯ ಕೊನೆಗೆ ಅವಳ ಪುಟ್ಟ ಆಸ್ಪತ್ರೆ. ಬೆಟ್ಟ ಹತ್ತುವ ಕಾಲ ಬಂತೆಂದರೆ ಅವಳು ಎದೆಗೆ ಕೊಳವೆ ಇಟ್ಟು ಕೇಳಿ "ಹ್ಞೂಂ" ಅನ್ನದೆ ಒಂದು ನರಪಿಳ್ಳೆಯೂ ಮೇಲೆ ಹೋಗುವ ಹಾಗಿರಲಿಲ್ಲ. ಈ ಮಹಾಶಯ ತನ್ನ ತಾಕತ್ತು ತೋರಿಸಲೆಂದು ಬೆನ್ನ ಮೇಲೆ ಮೂಟೆ ಹೊತ್ತು ಬಸ್ ನಿಲ್ದಾಣದಿಂದ ಆಸ್ಪತ್ರೆಯವರೆಗೂ ಏರುದಾರಿಯಲ್ಲಿ ಓಡಿಕೊಂಡೇ ಬಂದಿದ್ದ. ಹೊಸ್ತಿಲು ಮುಟ್ಟಿದ್ದೇ ತಡ, ಕಣ್ಣು ಕತ್ತಲೆ ಬಂದು ಧೊಪ್ಪನೆ ಬಿದ್ದಿದ್ದ.

ಅವಳು ಅವನ ಮಣಿಕಟ್ಟು ಹಿಡಿದು ನಾಡಿ ನೋಡಿದಳು.

"ನೀರು ಕುಡಿದು ಎಷ್ಟು ಹೊತ್ತಾಯ್ತು?"

"ಬೆಳಿಗ್ಗೆ... ಕುಡಿದಿರಬೇಕು. ಡಾಕ್ಟ್ರೇ, ದಯವಿಟ್ಟು ನನ್ನ ಫೇಲ್ ಮಾಡ್ಬೇಡಿ. ಬೇಕಾದ್ರೆ ಇನ್ನೊಂದ್ಸಲ ಓಡಿ ತೋರಿಸ್ತೀನಿ..."

"ಮೊದ್ಲು ನೀರು ಕುಡೀರಿ. ಆಮೇಲೆ ನಾಟಕ ಮಾಡಿ!"

ಅವಳು ತುರುಕಿದ ಜಗ್ಗನ್ನು ಅವನು ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿದ. ಜಗ್ಗಿನ ಅಂಚಿನ ಮೇಲಿಂದ ಅವನ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು. ಗಾಳಿ, ಬಿಸಿಲಿಗೆ ಸುಟ್ಟ ಮುಖ. ಆ ಮುಖದಲ್ಲಿ ಮಾತ್ರ ಸಿಕ್ಕಿಬಿದ್ದ ಮಗುವಿನ ಕಣ್ಣುಗಳು...

ಅವಳು ಮತ್ತೆ ನಾಡಿ ಹಿಡಿದು ಹುಬ್ಬು ಗಂಟಿಕ್ಕಿದಳು. "ಇದೇನ್ರೀ, ಕಡಿಮೆ ಆಗೋದು ಬಿಟ್ಟು ಜಾಸ್ತಿ ಆಗಿದೆ?"

"ಅದು... ನೀವು ಕೈ ಬಿಟ್ರೆ ಸರಿ ಹೋಗುತ್ತೆ ಅನ್ಸುತ್ತೆ."

ಬೆಂಕಿ ಮುಟ್ಟಿದ ಹಾಗೆ ಅವಳು ಕೈ ಬಿಟ್ಟಳು! ಕೋಪಕ್ಕೋ ನಾಚಿಕೆಗೋ, ಅವಳ ಮೂಗಿನ ತುದಿ ಕೆಂಪಾಯಿತು. ಅದನ್ನೂ ಅವನು ನೋಡಿಬಿಟ್ಟ.

ಬೆಟ್ಟದವರು ಅವನನ್ನು ಕರೆಯುತ್ತಿದ್ದುದು 'ಉಡ' ಎಂದು. ಬಂಡೆಯನ್ನು ಒಮ್ಮೆ ಹಿಡಿದರೆ ಉಡದ ಪಟ್ಟು, ಮೇಲೆ ಹೋಗಿಯೇ ಬಿಡುವುದು. ಅವಳು ಎಲ್ಲರಿಗೂ 'ಡಾಕ್ಟ್ರಮ್ಮ'. ಆ ಸಲದ ದೊಡ್ಡ ಶಿಖರದ ತಂಡಕ್ಕೆ ಅವಳೇ ವೈದ್ಯೆ. ಹಾಗಾಗಿ ಆಸ್ಪತ್ರೆಯಲ್ಲಿ ಶುರುವಾದ ಜಗಳ ಬೆಟ್ಟದ ಬುಡದ ಶಿಬಿರದಲ್ಲೂ ಮುಂದುವರಿಯಿತು.

"ಅಲ್ಲ, ಆ ತುದಿಯಲ್ಲಿ ಏನಿದೆ ಅಂತ ಸಾಯೋಕೆ ಹೋಗ್ತೀರಿ?" ಒಮ್ಮೆ ಕೇಳಿದಳು. "ದೂರದ ಬೆಟ್ಟ ನುಣ್ಣಗೆ ಅಂತಾರೆ. ಹತ್ತಿರ ಹೋದ್ರೂ ನಿಮಗೆ ನುಣ್ಣಗೇ ಕಾಣುತ್ತಾ?"

"ಏನೂ ಇಲ್ಲ ಡಾಕ್ಟ್ರೇ ಅಲ್ಲಿ. ಒಂದು ಮೇಜಿನಷ್ಟು ಜಾಗ. ಆದ್ರೆ ಅಲ್ಲಿ ನಿಂತಾಗ ತಲೆಯೊಳಗಿನ ಗದ್ದಲ ಎಲ್ಲ ನಿಂತುಹೋಗುತ್ತೆ. ನಂಗೆ ನಿಜವಾಗ್ಲೂ ಏನು ಬೇಕು ಅನ್ನೋದು ಅಲ್ಲಿ ಮಾತ್ರ ಸ್ಪಷ್ಟವಾಗಿ ಗೊತ್ತಾಗುತ್ತೆ."

'ಬೆಟ್ಟ ಹತ್ತುವವನನ್ನು ಮಾತ್ರ ಪ್ರೀತಿಸಬಾರದು!' ಹೀಗೆಂದು ಅವಳು ಎಂದೋ ತೀರ್ಮಾನಿಸಿದ್ದಳು. ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಕೂತು, ಬಾಗಿಲು ಸದ್ದಾದಾಗಲೆಲ್ಲ ಎದ್ದು ನಿಲ್ಲುವ ಹೆಂಡತಿಯರನ್ನು ಅವಳು ನೋಡಿದ್ದಳು. ಆದರೆ ಮನಸ್ಸು ಯಾರ ಮಾತು ಕೇಳುತ್ತದೆ? ತನ್ನದೇ ಕೆಂಪು ಫ್ಲಾಸ್ಕನ್ನು ಒಂದು ದಿನ ಅವನ ಕೈಗಿಟ್ಟು, "ನೀರು ಕುಡಿಯೋದು ಮರೀತೀರಲ್ಲ, ಅದಕ್ಕೆ" ಎಂದು ಹೇಳಿ, ಅವನು ಥ್ಯಾಂಕ್ಸ್ ಅನ್ನುವ ಮೊದಲೇ ಓಡಿಹೋಗಿದ್ದಳು.

ಆಗ ಶಿಬಿರಕ್ಕೆ ಬಂದಳು ನೋಡಿ, ಚಿರತೆ!

ಉದ್ದನೆಯ ಹೆಣ್ಣು. ಗದ್ದದ ಮೇಲೊಂದು ಗಾಯದ ಗುರುತು, ಇಡೀ ಕಣಿವೆಗೆ ಕೇಳಿಸುವ ನಗು. ಉಡನ ಹಗ್ಗದ ಜೊತೆಗಾತಿ. ಅಂದರೆ ಒಂದೇ ಹಗ್ಗದ ಒಂದು ತುದಿಗೆ ಅವನು, ಇನ್ನೊಂದು ತುದಿಗೆ ಅವಳು. ಒಬ್ಬರು ಜಾರಿದರೆ ಇನ್ನೊಬ್ಬರೇ ಗತಿ. ಅದಕ್ಕೇ ಬೆಟ್ಟದವರಲ್ಲಿ ಒಂದು ನಿಯಮ. ಹೊರಡುವ ಮುನ್ನ ಒಬ್ಬರ ಸೊಂಟದ ಗಂಟನ್ನು ಇನ್ನೊಬ್ಬರು ಕೈಯಾರೆ ಎಳೆದು ನೋಡಬೇಕು.

ಚಿರತೆ ಅವನ ಗಂಟನ್ನು ಎಳೆದು, "ಏನೋ ಉಡ, ತೆಳ್ಳಗಾಗಿದ್ದೀಯ!" ಎಂದು ಹೊಟ್ಟೆಗೆ ಗುದ್ದಿದಾಗ ಡಾಕ್ಟ್ರಮ್ಮ ಔಷಧಿ ಡೇರೆಯ ಪರದೆಯ ಸಂದಿಯಿಂದ ನೋಡುತ್ತಿದ್ದಳು. ನೋಡಬಾರದಿತ್ತು... ಆದರೆ ನೋಡಿದಳು.

"ಬ್ರಹ್ಮಗಂಟು ಬಿಚ್ಚೋಕಾಗಲ್ಲ ಅಂತಾರೆ," ಪಕ್ಕದಲ್ಲಿ ನಿಂತು ತರಕಾರಿ ಹೆಚ್ಚುತ್ತಿದ್ದ ಅಡುಗೆಯವನು ನಕ್ಕ. ಶಿಬಿರಕ್ಕೆಲ್ಲ ಅವನು 'ಮಾವ'. "ಈ ಹಗ್ಗದ ಗಂಟು ಅದರ ಅಪ್ಪ ಕಣಮ್ಮ!"

"ನಿಮ್ಮ ಸೂಪಿಗೆ ಉಪ್ಪು ಜಾಸ್ತಿ ಆಗ್ತಿದೆ. ಆ ಕಡೆ ನೋಡಿ ಮಾವ," ಎಂದಳು ಸಿಡುಕಿ. ಪಾಪ, ಸೂಪು ಇನ್ನೂ ಒಲೆ ಏರಿಯೇ ಇರಲಿಲ್ಲ.

ಅಂದಿನಿಂದ ಅವಳಿಗೆ ಎಲ್ಲೆಲ್ಲೂ ಅದೇ. ಅವರಿಬ್ಬರದು ಒಂದೇ ಡೇರೆ, ಒಂದೇ ಒಲೆ, ಒಂದೇ ತಟ್ಟೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿಯಂತೆ. ಊರಿನವರ ಕಾಮಾಲೆಯನ್ನೆಲ್ಲ ಕಣ್ಣು ನೋಡಿಯೇ ಹೇಳುವ ಡಾಕ್ಟ್ರಮ್ಮನಿಗೆ ತನ್ನ ಕಣ್ಣಿನ ಹಳದಿ ಮಾತ್ರ ಗೊತ್ತಾಗಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ, ಊಟದ ಡೇರೆಯ ಮುಂದೆ, ಚಿರತೆ ಕಾಲು ಚಾಚಿ ಕೂತು ಟೀ ಕುಡಿಯುತ್ತಿದ್ದಳು. ಕೆಂಪು ಫ್ಲಾಸ್ಕಿನಿಂದ!

'ನನ್ನ ಫ್ಲಾಸ್ಕು... ನಾನು ಅವನಿಗೆ ಕೊಟ್ಟಿದ್ದು!' ಹೊಟ್ಟೆಯೊಳಗೆ ಯಾರೋ ಕೆಂಡ ಸುರಿದ ಹಾಗಾಯಿತು.

ಅಂದು ಸಂಜೆಯೇ ಅವಳು ಎಲ್ಲ ಆರೋಹಿಗಳನ್ನೂ ಕೂರಿಸಿಕೊಂಡು ಪ್ರತಿ ವರ್ಷದ ಪಾಠ ಹೇಳಬೇಕಿತ್ತು. ಉಡನ ಕಡೆ ತಿರುಗಿಯೂ ನೋಡದೆ ಹೇಳಿದಳು.

"ಮೇಲೆ ಗಾಳಿ ತೆಳು. ಮಿದುಳಿಗೆ ಉಸಿರು ಸಾಲಲ್ಲ. ಆಗ ಪಕ್ಕದಲ್ಲಿ ಯಾರೋ ಬಂದು ಕೂತ ಹಾಗೆ, ಮಾತಾಡಿದ ಹಾಗೆ ಅನ್ಸುತ್ತೆ. ಎಷ್ಟೇ ಬೇಕಾದವರಾಗಿರಲಿ, ನಂಬಬೇಡಿ! ಅಂಥವರು ಕಂಡ್ರೆ ಅದು ಕಾಯಿಲೆ. ತಕ್ಷಣ ಕೆಳಗಿಳೀರಿ."

ಎಲ್ಲರೂ ತಲೆಯಾಡಿಸಿದರು. ಈ ಪಾಠವನ್ನು ಮೊದಲು ಮರೆಯುವವಳು ತಾನೇ ಎಂದು ಆಗ ಅವಳಿಗೇನು ಗೊತ್ತಿತ್ತು?

ಹೊರಡುವ ದಿನ ಅವನು ಔಷಧಿ ಡೇರೆಗೆ ಬಂದ. ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತ.

"ಡಾಕ್ಟ್ರೇ... ಕೆಳಗೆ ಬಂದ್ಮೇಲೆ ನಿಮ್ಮ ಹತ್ರ ಒಂದು ಮಾತಾಡ್ಬೇಕು."

"ಕೆಮ್ಮಾ? ತಲೆನೋವಾ?"

"ಅಯ್ಯೋ, ಕಾಯಿಲೆ ವಿಷಯ ಅಲ್ಲ..."

"ಹಾಗಾದ್ರೆ ನನ್ನ ಹತ್ರ ಏನು ಕೆಲಸ? ಹಗ್ಗದ ಆ ತುದಿಯಲ್ಲಿ ಇದ್ದಾರಲ್ಲ, ಅವರ ಹತ್ರ ಮಾತಾಡಿ. ನೀರು, ಗೀರು ಎಲ್ಲ ಅವರೇ ನೋಡ್ಕೋತಾರೆ. ಫ್ಲಾಸ್ಕೂ ಅವರ ಹತ್ರಾನೇ ಇದೆ."

ಅವನ ಮುಖ ಬಾಡಿತು. ಏನೋ ಹೇಳಲು ಬಾಯಿ ತೆರೆದ. ಹೊರಗಿನಿಂದ ಚಿರತೆಯ ಕೂಗು ಕೇಳಿಸಿತು. "ಏ ಉಡಾ! ಬಾರೋ, ಗಂಟು ನೋಡು!"

"ಹೋಗಿ. ಕರೀತಿದ್ದಾರೆ," ಎಂದಳು ಡಾಕ್ಟ್ರಮ್ಮ.

ಅವನು ಹೋದ. ಹೋದ ಮೇಲೆ ಅವಳು ಅತ್ತಳು. ಅತ್ತದ್ದಕ್ಕೂ ತನ್ನ ಮೇಲೇ ಸಿಟ್ಟು ಬಂತು.

ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆಂದು, ತುದಿ ಮುಟ್ಟುವವರೆಗೆ ರೇಡಿಯೊ ತೆರೆಯಬಾರದೆಂಬುದು ಅವರ ತಂಡದ ಕಟ್ಟಳೆ. ಇಬ್ಬರಿಗೂ ಸೇರಿ ಒಂದೇ ರೇಡಿಯೊ, ಅದು ಅವನ ಜೇಬಿನಲ್ಲಿ. ಶಿಖರದ ದಿನ ಮಾವನೂ ಡಾಕ್ಟ್ರಮ್ಮನೂ ಊಟದ ಡೇರೆಯಲ್ಲಿ ಕೂತು ಬೆಳಗಿನಿಂದ ಕಾದರು. ಮಧ್ಯಾಹ್ನಕ್ಕೆ ರೇಡಿಯೊ ಗೊರಗುಟ್ಟಿತು.

"ಮೇಲಿದ್ದೀನಿ... ಕೇಳಿಸ್ತಾ? ತುದಿಯಲ್ಲಿದ್ದೀನಿ!"

ಮಾವ ಸೌಟು ಎತ್ತಿಕೊಂಡು ಕುಣಿದೇಬಿಟ್ಟ! ಅವಳ ಕಣ್ಣೂ ತುಂಬಿತು. ಅವನಿದ್ದಾನೆ, ಅಷ್ಟು ಸಾಕು. ಉತ್ತರ ಕೊಡುವಷ್ಟರಲ್ಲಿ ಸದ್ದು ನಿಂತುಹೋಯಿತು. ತುದಿಯನ್ನು ಮೋಡ ಮುಚ್ಚಿತು.

ತುಂಬಾ ಹೊತ್ತಿನ ಮೇಲೆ ರೇಡಿಯೊ ಮತ್ತೆ ಮಾತಾಡಿತು. ಈ ಸಲ ಅವನ ದನಿ ಬೇರೆಯಾಗಿತ್ತು. ಮೆತ್ತಗೆ, ತೀರಾ ಹತ್ತಿರದಲ್ಲಿರುವ ಯಾರಿಗೋ ಹೇಳುವ ಹಾಗೆ...

"ಬಾ, ಇಲ್ಲಿ ಕೂತ್ಕೋ. ಗಾಳಿ ಈ ಕಡೆ ಬರಲ್ಲ. ಚಳಿನಾ? ತಗೋ, ನನ್ನ ಗ್ಲೌಸ್ ಹಾಕ್ಕೋ. ಹಾಕ್ಕೋ ಅಂದ್ರೆ ಹಾಕ್ಕೋಬೇಕು... ಎಷ್ಟು ಚೆನ್ನಾಗಿದ್ದೀಯ ಗೊತ್ತಾ ನೀನು?"

ಡಾಕ್ಟ್ರಮ್ಮ ಕಲ್ಲಾದಳು.

"ಅವನ ರೇಡಿಯೊದ ಮಾತಾಡೋ ಗುಂಡಿ ಮಂಜಿಗೆ ಅಂಟ್ಕೊಂಡಿದೆ," ಎಂದ ಮಾವ. "ಅವನಿಗೆ ಗೊತ್ತಿಲ್ಲ, ನಮಗೆ ಕೇಳಿಸ್ತಿದೆ ಅಂತ."

"ಇಷ್ಟು ದಿನ ಹೇಳೋಕೆ ಧೈರ್ಯ ಬರ್ಲಿಲ್ಲ ಕಣೇ..." ದನಿ ಮುಂದುವರಿಯಿತು. "ಇಲ್ಲಿ ಯಾರೂ ಇಲ್ಲ. ಇಲ್ಲಿ ಹೇಳಬಹುದು ಅಲ್ವಾ?"

ಕಣೇ! ತನ್ನನ್ನು ಅವನು ಒಂದು ದಿನವೂ ಹಾಗೆ ಕರೆದಿರಲಿಲ್ಲ. 'ಡಾಕ್ಟ್ರೇ, ನೀವು, ನಿಮ್ಮ'... ಯಾವಾಗಲೂ ಮಾರು ದೂರ. ಆ ಚಿರತೆಗಾದರೆ ಪ್ರಪಂಚದ ತುದಿಯಲ್ಲಿ ಕೂತು 'ಕಣೇ'!

ಅವಳು ಎದ್ದುಹೋಗಿ ರೇಡಿಯೊದ ಸದ್ದನ್ನು ಪೂರ್ತಿ ಇಳಿಸಿಬಿಟ್ಟಳು.

"ಅಮ್ಮಾ, ಬೇಡ! ಅವನ ಮಾತಿನ ಧಾಟಿ ಯಾಕೋ ಸರಿ ಇಲ್ಲ..."

"ಪ್ರೀತಿ ಮಾತು ಹಾಗೇ ಇರುತ್ತೆ ಮಾವ. ಕದ್ದು ಕೇಳೋದು ನಮಗೆ ಶೋಭೆ ಅಲ್ಲ."

ಅವಳು ಮೂಲೆಯಲ್ಲಿ ಕೂತು, ಆಗಲೇ ಸುತ್ತಿಟ್ಟಿದ್ದ ಬ್ಯಾಂಡೇಜುಗಳನ್ನು ಬಿಚ್ಚಿ ಬಿಚ್ಚಿ ಮತ್ತೆ ಸುತ್ತತೊಡಗಿದಳು. 'ಇಬ್ಬರೂ ಸುಖವಾಗಿರಲಿ. ನನಗೇನು? ನಾನು ಡಾಕ್ಟರು. ಬಂದರೆ ಬೆರಳು ನೋಡಿ ಕಳಿಸುತ್ತೇನೆ...' ಬ್ಯಾಂಡೇಜಿನ ದೊಡ್ಡ ಸುರುಳಿಯೇ ಖಾಲಿಯಾಗುವಷ್ಟು ಹೊತ್ತು ಅವಳು ಹಾಗೇ ಕೂತಿದ್ದಳು.

ಡೇರೆಯ ಪರದೆ ಸರಿಯಿತು.

"ಸ್ವಲ್ಪ ಬಿಸಿ ನೀರು ಕೊಡಿ ಮಾವ, ಬೆರಳು ಮರಗಟ್ಟಿದೆ. ಉಡನಿಂದ ಏನಾದ್ರೂ ಸುದ್ದಿ ಬಂತಾ?"

ಬಾಗಿಲಲ್ಲಿ ಚಿರತೆ ನಿಂತಿದ್ದಳು. ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು, ಸುಸ್ತಾಗಿ, ಒಬ್ಬಳೇ...

ಡಾಕ್ಟ್ರಮ್ಮನ ಕೈಯಿಂದ ಬ್ಯಾಂಡೇಜು ಉರುಳಿತು. "ನೀವು... ನೀವು ಇಲ್ಲಿ?"

"ಬೆಳಿಗ್ಗೇನೇ ವಾಪಸ್ ತಿರುಗಿದೆ. ಕೈ ಬೆಳ್ಳಗಾಯ್ತು ನೋಡಿ. ಇಳೀತಿದ್ದ ಪಕ್ಕದ ತಂಡದವರ ಜೊತೆ ಬಂದೆ. ನೀನೂ ಬಾ ಅಂದೆ, ಕೇಳ್ಲಿಲ್ಲ. 'ತುದಿ ಇಲ್ಲೇ ಇದೆ, ಮುಟ್ಟಿ ಬಂದ್ಬಿಡ್ತೀನಿ' ಅಂತ ಒಬ್ಬನೇ ಹೋದ, ಮೊಂಡ!"

ಒಬ್ಬನೇ!

ಹಾಗಾದರೆ... ಅವನ ಪಕ್ಕದಲ್ಲಿ ಕೂತಿರುವವಳು ಯಾರು?

ಅವಳು ಹಾರಿ ಹೋಗಿ ರೇಡಿಯೊದ ಸದ್ದು ಏರಿಸಿದಳು. ಎಷ್ಟು ವರ್ಷ, ಎಷ್ಟು ಜನಕ್ಕೆ ಹೇಳಿದ ಪಾಠ! 'ಪಕ್ಕದಲ್ಲಿ ಯಾರೋ ಬಂದು ಕೂತ ಹಾಗೆ...' ಪ್ರೀತಿಯ ಮಾತೆಂದು ಅವಳು ಕಿವಿ ಮುಚ್ಚಿಕೊಂಡದ್ದು ಪ್ರಾಣ ಹೋಗುವ ಲಕ್ಷಣವಾಗಿತ್ತು. ಅವನ ಮಿದುಳಿಗೆ ಉಸಿರು ಸಾಲುತ್ತಿರಲಿಲ್ಲ. ಇಲ್ಲದವಳಿಗೆ ತನ್ನ ಗ್ಲೌಸು ಬಿಚ್ಚಿ ಕೊಟ್ಟಿದ್ದ!

"ಉಡಾ! ಕೇಳಿಸ್ತಿದ್ಯಾ? ಅಲ್ಲಿ ಯಾರೂ ಇಲ್ಲ! ಎದ್ದು ಇಳೀರಿ!" ಗುಂಡಿ ಒತ್ತಿ ಕಿರುಚಿದಳು.

"ಕೇಳಿಸಲ್ಲಮ್ಮ," ಮಾವನ ದನಿ ಒಡೆಯಿತು. "ಅವನ ಗುಂಡಿ ಒತ್ಕೊಂಡೇ ಇದೆ. ಅವನು ಮಾತಾಡಬಹುದು ಅಷ್ಟೆ, ನಮ್ಮದು ಅವನಿಗೆ ಮುಟ್ಟಲ್ಲ."

ಚಿರತೆ ಒಂದು ಕ್ಷಣವೂ ನಿಲ್ಲಲಿಲ್ಲ. "ಪಕ್ಕದ ತಂಡದವರು ಇಬ್ಬರು ಇನ್ನೂ ಮೇಲಿನ ಡೇರೆಯಲ್ಲಿದ್ದಾರೆ. ಅವರ ರೇಡಿಯೊ ಬೇರೆ!" ಎಂದವಳೇ, ನೋಯುವ ಕೈಗಳನ್ನು ಎದೆಗೊತ್ತಿಕೊಂಡು ಹೊರಗೆ ಓಡಿದಳು.

ಒಳಗೆ ಅವನ ದನಿ ತೊದಲುತ್ತಿತ್ತು.

"ನಿದ್ದೆ ಬರ್ತಿದೆ ಕಣೇ... ಒಂದೇ ನಿಮಿಷ. ಮಲಗಿ ಎದ್ದೇಳ್ತೀನಿ."

"ಮಲಗಬೇಡ..." ಅವಳು ಪಿಸುಗುಟ್ಟಿದಳು. ಅಲ್ಲಿ ಮಲಗಿದವರು ಏಳುವುದಿಲ್ಲ.

ಬರೀ ಗಾಳಿಯ ಸದ್ದು. ಆಮೇಲೆ ಒಂದು ಸಣ್ಣ ನಗು.

"ಸರಿ, ಸರಿ... ಬಯ್ಬೇಡ! 'ಮೊದ್ಲು ನೀರು ಕುಡೀರಿ, ಆಮೇಲೆ ನಾಟಕ ಮಾಡಿ'... ಯಾವಾಗ ನೋಡಿದ್ರೂ ಇದೇ ನಿಂದು. ಕುಡೀತೀನಿ. ಕೋಪ ಮಾಡ್ಕೊಂಡ್ರೆ ಮೂಗಿನ ತುದಿ ಹೆಂಗೆ ಕೆಂಪಾಗುತ್ತೆ ನೋಡು."

ಮಾವ ನಿಧಾನವಾಗಿ ಅವಳ ಕಡೆ ತಿರುಗಿದ. ಅವಳ ಕೈ ತಾನಾಗಿಯೇ ಮೂಗನ್ನು ಮುಟ್ಟಿಕೊಂಡಿತ್ತು.

"ಫ್ಲಾಸ್ಕ್ ಅವಳಿಗೆ ಕೊಟ್ಟೆ ಅಂತ ತಾನೆ ಸಿಟ್ಟು? ಅವತ್ತು ಅವಳು ನಡುಗ್ತಿದ್ಳು ಕಣೇ, ಒಂದೇ ಒಂದು ಲೋಟ... ಆಮೇಲೆ ಇಸ್ಕೊಂಡೆ. ನೋಡು, ಎದೆ ಹತ್ರ ಇಟ್ಕೊಂಡಿದ್ದೀನಿ, ಹೆಪ್ಪುಗಟ್ಟದೇ ಇರ್ಲಿ ಅಂತ."

ನಾನು... ಅವನ ಪಕ್ಕದಲ್ಲಿ ಇರುವವಳು ನಾನು!

ಇಷ್ಟು ಹೊತ್ತು ಅವಳು ಹೊಟ್ಟೆ ಉರಿದುಕೊಂಡದ್ದು ತನ್ನನ್ನೇ ನೋಡಿ. ತನಗೆ ತಾನೇ ಸವತಿ! ನಗು ಬರಬೇಕಿತ್ತು, ಅಳು ಬಂತು. ರೇಡಿಯೊವನ್ನು ಎರಡೂ ಕೈಯಲ್ಲಿ ಹಿಡಿದು, ಕೇಳಿಸುವುದಿಲ್ಲವೆಂದು ಗೊತ್ತಿದ್ದೂ, ಅವಳು ಬೇಡಿಕೊಂಡಳು. ಅವನನ್ನಲ್ಲ, ಅಲ್ಲಿ ಕೂತಿದ್ದ ಆ ಇನ್ನೊಬ್ಬಳನ್ನು.

"ಎಬ್ಬಿಸೇ ಅವನನ್ನ... ನಿನ್ನ ಕಾಲಿಗೆ ಬೀಳ್ತೀನಿ. ಬಯ್ಯಿ, ಇನ್ನೂ ಬಯ್ಯಿ! ಅವನು ನಿನ್ನ ಮಾತು ಕೇಳ್ತಾನೆ. ಬಿಡಬೇಡ ಕಣೇ, ಕೆಳಗೆ ಕರ್ಕೊಂಡು ಬಾ... ಆಮೇಲೆ ಬೇಕಾದ್ರೆ ಅವನನ್ನ ನೀನೇ ಇಟ್ಕೋ!"

"ಏಳ್ತಿದ್ದೀನಿ... ಎದ್ದೆ ನೋಡು," ಎಂದಿತು ರೇಡಿಯೊ. ಬೂಟಿನ ಕೆಳಗೆ ಮಂಜು ಕರಕರ ಎಂದಿತು. "ನೀನು ಮುಂದೆ ಹೋಗು. ನಾನು ಹಗ್ಗ ಹಿಡ್ಕೊಂಡು ಹಿಂದೆ ಬರ್ತೀನಿ..."

ಅಲ್ಲಿಗೆ ಬ್ಯಾಟರಿ ಸತ್ತಿತು.

ಆಮೇಲಿನ ಹೊತ್ತನ್ನು ಅವಳು ಹೇಗೆ ಕಳೆದಳೋ ದೇವರಿಗೇ ಗೊತ್ತು. ಮೊಗಸಾಲೆಯ ಬೆಂಚಿನ ಹೆಂಡತಿಯರೆಲ್ಲ ಅವಳಿಗೆ ನೆನಪಾದರು. ಪರದೆ ಅಲುಗಿದಾಗಲೆಲ್ಲ ಅವಳೂ ಎದ್ದು ನಿಂತಳು. ಮಾವನಿಂದ ಎಲ್ಲ ಕೇಳಿ ತಿಳಿದಿದ್ದ ಚಿರತೆ ಪಕ್ಕದಲ್ಲಿ ಕೂತು, ಬಟ್ಟೆ ಸುತ್ತಿದ ಕೈಯನ್ನು ಅವಳ ಭುಜದ ಮೇಲಿಟ್ಟಳು.

"ಅಲ್ಲ ಡಾಕ್ಟ್ರಮ್ಮ, ನನ್ನ ಮೇಲೆ ಅನುಮಾನಾನಾ? ಡೇರೆಯಲ್ಲಿ ನಿಮ್ಮ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ! ನನ್ನ ಗಂಡ, ಮಕ್ಕಳ ಸುದ್ದಿ ಹೇಳೋಕೆ ಒಂದಿನಾದ್ರೂ ಬಿಟ್ನಾ ಅವನು?"

ಬೆಳಕು ಇನ್ನೂ ಇರುವಾಗಲೇ ಪಕ್ಕದ ತಂಡದ ರೇಡಿಯೊದಲ್ಲಿ ಸುದ್ದಿ ಬಂತು. ಮೇಲಕ್ಕೆ ಹೊರಟ ಇಬ್ಬರಿಗೂ ಅವನು ಅರ್ಧ ದಾರಿಯಲ್ಲೇ ಸಿಕ್ಕಿದ್ದ. ದಾರಿಯುದ್ದಕ್ಕೂ ಮೊದಲೇ ಬಿಗಿದಿದ್ದ ಹಗ್ಗ ಹಿಡಿದು, ಯಾರ ಜೊತೆಗೋ ಜಗಳವಾಡುತ್ತ ತಾನಾಗಿಯೇ ಇಳಿಯುತ್ತಿದ್ದನಂತೆ.

ಮರುದಿನ ಅವನನ್ನು ಶಿಬಿರಕ್ಕೆ ತಂದರು. ಚಿರತೆ ಮೊದಲು ಅವನ ಕಿವಿ ಹಿಂಡಿದಳು. "ಇನ್ನೊಂದ್ಸಲ ಹಗ್ಗ ಬಿಟ್ಟು ಒಂಟಿಯಾಗಿ ಹೋದ್ರೆ, ನಾನೇ ಮೇಲಿಂದ ತಳ್ತೀನಿ!" ಆಮೇಲೆ ಮಾವನನ್ನು ಎಳೆದುಕೊಂಡು ಹೊರಟುಹೋದಳು.

ಔಷಧಿ ಡೇರೆಯಲ್ಲಿ ಇಬ್ಬರೇ ಉಳಿದರು. ಅವನ ಎಡಗೈ ಬೆಚ್ಚನೆಯ ನೀರಿನ ಬಟ್ಟಲಲ್ಲಿತ್ತು. ಗ್ಲೌಸಿಲ್ಲದೆ ಹಗ್ಗ ಹಿಡಿದು ಇಳಿದ ಕೈ. ಎರಡು ಬೆರಳ ತುದಿ ಕಪ್ಪಾಗಿತ್ತು.

"ಮೇಲೆ ಪಕ್ಕದಲ್ಲಿ ಯಾರಾದ್ರೂ ಕಂಡ್ರಾ?" ಅವಳು ಡಾಕ್ಟರ ದನಿಯಲ್ಲಿ ಕೇಳಿದಳು.

ಅವನು ಕಣ್ಣು ತಪ್ಪಿಸಿದ. ಹೌದೆಂದರೆ ಮುಂದಿನ ವರ್ಷ ಬೆಟ್ಟ ಬಂದ್. "ಇಲ್ಲಪ್ಪ. ಯಾರೂ ಇಲ್ಲ."

"ಸುಳ್ಳು. ನಿಮ್ಮ ರೇಡಿಯೊ ಗುಂಡಿ ಅಂಟ್ಕೊಂಡಿತ್ತು."

ಅವನ ಮುಖದ ರಕ್ತವೆಲ್ಲ ಇಳಿಯಿತು. "ಅಂದ್ರೆ... ಎಲ್ಲಾ... ಕೇಳಿಸ್ತಾ?"

"ಮಾವನಿಗೂ!"

"ಅಯ್ಯೋ ದೇವರೇ... ಆ ಇಬ್ಬರು ನನ್ನ ಯಾಕೆ ಕೆಳಗೆ ತಂದ್ರೋ!"

ಅವಳಿಗೆ ನಗು ಬಂತು. ಆದರೆ ಹೇಳಲೇಬೇಕಿದ್ದ ಮಾತೊಂದು ಬಾಕಿ ಇತ್ತು.

"ನಾನೊಂದು ತಪ್ಪು ಮಾಡಿದೆ. ನೀವು ಚಿರತೆ ಜೊತೆ ಮಾತಾಡ್ತಿದ್ದೀರಿ ಅಂದ್ಕೊಂಡು... ಹೊಟ್ಟೆಕಿಚ್ಚಿಗೆ ರೇಡಿಯೊ ಸದ್ದು ಇಳಿಸಿಬಿಟ್ಟೆ. ಮೊದಲೇ ಗೊತ್ತಾಗಿದ್ರೆ ಅವರು ಬೇಗ ಹೊರಡ್ತಿದ್ರು. ಒಂದು ಬೆರಳಾದ್ರೂ ಪೂರ್ತಿ ಉಳೀತಿತ್ತೋ ಏನೋ... ಡಾಕ್ಟರಾಗಿ ನಾನು..."



ಅವನು ನಡುವೆಯೇ ತಡೆದ.

"ಒಂಟಿಯಾಗಿ ಹೋಗಿದ್ದು ನಾನು. ಗ್ಲೌಸ್ ಬಿಚ್ಚಿದ್ದು ನಾನು. ನಿಮ್ಮ ಪಾಲಿಗೆ ಅರ್ಧ ಬೆರಳೂ ಬರಲ್ಲ ಡಾಕ್ಟ್ರೇ." ಆಮೇಲೆ ಮೆಲ್ಲಗೆ ಕೇಳಿದ, "ನಿಜ ಹೇಳಿ... ಹೊಟ್ಟೆಕಿಚ್ಚು ಬಂತಾ?"

"ಬಂತು! ಉರಿದುಹೋದೆ! ಈಗ್ಲೂ ಉರೀತಿದೆ, ಅವಳ ಮೇಲೆ."

"ಯಾರ ಮೇಲೆ? ಚಿರತೆ ಮೇಲಾ?"

"ಅಲ್ಲಿ ಬಂದವಳ ಮೇಲೆ. ನೀನು ಅವಳನ್ನ ಕಣೇ ಅಂದೆ. ಚೆನ್ನಾಗಿದ್ದೀಯ ಅಂದೆ. ನಿನ್ನ ಜೊತೆ ತುದಿವರೆಗೆ ಬಂದು, ಎಬ್ಬಿಸಿ, ಕೆಳಗೆ ಕರ್ಕೊಂಡು ಬಂದಳು. ನಾನು ಮಾತ್ರ ಇಲ್ಲಿ ಬ್ಯಾಂಡೇಜ್ ಸುತ್ತುತ್ತಾ ಕೂತಿದ್ದೆ."

ತಾನು ಏಕವಚನಕ್ಕೆ ಇಳಿದದ್ದು ಅವಳಿಗೇ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು.

"ತುದಿಯಲ್ಲಿ ನಿಂತಾಗ ಗದ್ದಲ ನಿಲ್ಲುತ್ತೆ ಅಂದಿದ್ದೆ ಅಲ್ವಾ?" ಎಂದ ಅವನು. "ಈ ಸಲಾನೂ ನಿಂತಿತು. ನಂಗೇನು ಬೇಕು ಅಂತ ನೋಡಿದ್ರೆ, ಕೆಳಗೆ ಬರಬೇಕು ಅನ್ನಿಸ್ತು. ಮೊದಲ ಸಲ... ಬೆಟ್ಟದ ಮೇಲೆ ನಿಂತು ಮನೆಗೆ ಹೋಗಬೇಕು ಅನ್ನಿಸ್ತು."

ಅವಳು ಬಟ್ಟಲಿನಿಂದ ಅವನ ಕೈ ಎತ್ತಿ, ಮೆತ್ತನೆಯ ಬಟ್ಟೆಯಿಂದ ಒಂದೊಂದೇ ಬೆರಳನ್ನು ಒತ್ತಿ ಒರೆಸಿದಳು.

"ಮತ್ತೆ ಹೋಗ್ತೀಯಾ?"

"ಹೋಗದೆ ಇರ್ತೀನಿ ಅಂದ್ರೆ ಸುಳ್ಳಾಗುತ್ತೆ. ಆದ್ರೆ ಒಂಟಿಯಾಗಿ ಹೋಗಲ್ಲ. ನೀನು ಇಳಿ ಅಂದ ಕಡೆ ಇಳೀತೀನಿ. ಆಣೆ." ಅವನು ಕಪ್ಪಾದ ಬೆರಳುಗಳ ಕಡೆ ನೋಡಿದ. "ಈ ಕೈ ಇನ್ನು ಮೊದಲಿನ ಹಾಗೆ ಇರಲ್ಲ ಕಣೇ. ಆದ್ರೂ ಹಿಡೀತೀಯಾ?"

ಅವಳ ಮೂಗಿನ ತುದಿ ಕೆಂಪಾಯಿತು. ಪಕ್ಕದಲ್ಲಿದ್ದ ಕೆಂಪು ಫ್ಲಾಸ್ಕಿನ ಮುಚ್ಚಳ ತೆಗೆದು ಅವನ ಬಾಯಿಗೆ ಹಿಡಿದಳು.

"ಮೊದ್ಲು ನೀರು ಕುಡಿ."

ಅವನು ಕುಡಿದ. "ಆಮೇಲೆ?"

"ಆಮೇಲೆ ಇನ್ನೊಂದ್ಸಲ ಕೇಳು. ಅವಳಿಗೆ ಹೇಳಿದ ಹಾಗಲ್ಲ, ನನ್ನನ್ನ ಕೇಳು." ಫ್ಲಾಸ್ಕನ್ನು ಕೆಳಗಿಟ್ಟು ಅವನ ಕೈಯನ್ನು ತನ್ನ ಎರಡು ಕೈಗಳ ನಡುವೆ ಹಿಡಿದಳು. "ಮತ್ತೆ ನಿನ್ನ ಗ್ಲೌಸ್ ಇನ್ಮೇಲೆ ಯಾರಿಗೂ ಕೊಡಬಾರದು!"

"ನಿನಗೂ?"

"ನನಗೂ. ಗ್ಲೌಸ್ ಅವಳ ಹತ್ರಾನೇ ಇರ್ಲಿ ಬಿಡು. ನಂಗೆ ಕೈ ಬೇಕು."